ಎಸ್ಪೆರಾಂಟೊಗೆ ನಾನು ಕೇಳಿದ ನಲವತ್ತು ತಿದ್ದುಪಡಿ

ಎಸ್ಪೆರಾಂಟೊ ಅನ್ನುವ ಭಾಷೆ ಕಲಿಯುವುದಕ್ಕೆ ಕಾಸು ಖರ್ಚಿಲ್ಲ. ಯಾರಾದರೂ ಫೀಸು ಕೇಳಿದರೆ ಕೊಡಬೇಡಿ, ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಹಾಗಿದ್ದೂ ನನಗೆ ಅದು ದುಬಾರಿ ಬಿತ್ತು. ಒಂದು ಮಳೆಗಾಲ ಹೋಯಿತು, ಅದರ ಹಿಂದೆ ಒಂದು ಚಳಿಗಾಲ ಹೋಯಿತು. ಮಾರ್ಕೆಟ್ ಯಾರ್ಡಿನಲ್ಲಿ ಯಾರ ಮುಂದೂ ತಗ್ಗದ ತಲೆ, ಮುಖ ನೋಡದ ಇಪ್ಪತ್ತು ಜನರ ಮುಂದೆ ತಗ್ಗಿತು. ಯಾಕೆ ಇಷ್ಟು ತೆತ್ತೆ ಅಂದರೆ, ನನ್ನ ಮಗಳು ಪೂರ್ಣಿಮಾ ನನ್ನ ಜೊತೆ ಮಾತು ಬಿಟ್ಟಿದ್ದಳು, ಮತ್ತು ಅವಳು ಬಾಯಿ ತುಂಬ ಮಾತಾಡುತ್ತಿದ್ದ ಜಾಗ ಅದೊಂದೇ ಇತ್ತು.

ಮೊನ್ನೆ ಮಳೆ ಹಿಡಿದ ಮೇಲೆ ಹೆಂಚು ಎಲ್ಲಿ ಸೋರುತ್ತದೆ ನೋಡೋಣ ಅಂತ ಅಟ್ಟ ಹತ್ತಿದೆ. ಏಣಿಯ ಕೊನೆ ಮೆಟ್ಟಿಲಲ್ಲಿ ತಲೆ ಎತ್ತಿದ್ದೇ ತಡ, ಆ ವಾಸನೆ ಮುಖಕ್ಕೆ ಬಡಿಯಿತು. ಉಂಡೆ ಕೊಬ್ಬರಿಯಾಗಲಿ ಅಂತ ತಿಂಗಳುಗಟ್ಟಲೆ ಅಟ್ಟದಲ್ಲಿ ಬಿಟ್ಟ ಕಾಯಿಯ ವಾಸನೆ. ಸ್ವಲ್ಪ ಎಣ್ಣೆ, ಸ್ವಲ್ಪ ನಾರು, ಸ್ವಲ್ಪ ಇಲಿ. ಹುಡುಗನಿದ್ದಾಗಿನಿಂದ ಮೂಗಿಗೆ ಹೊಂದಿದ ವಾಸನೆಗೆ ನನ್ನಂಥವನು ಏಣಿಯಲ್ಲೇ ನಿಲ್ಲಬಾರದು. ನಿಂತೆ. ಹೋದ ವರ್ಷ ಇದೇ ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು, ಫೋನು ಕೈಯಲ್ಲಿ ಹಿಡಿದು, ಐವತ್ತಾರನೇ ವಯಸ್ಸಿಗೆ ಭಾಷೆ ಕಲಿಯಲು ಕೂತಿದ್ದೆ. ಕೆಳಗೆ, ಹಲಗೆಯ ಆಚೆ, ಮಗಳ ರೂಮು.

ನನ್ನದು ಕೊಬ್ಬರಿ ವ್ಯಾಪಾರ. ಹದಿನಾರಕ್ಕೆ ಮಾಯಸಂದ್ರದ ಕಡೆ ಕೂಲಿಗೆ ಕಾಯಿ ಸುಲಿದವನು, ಇವತ್ತು ತಿಪಟೂರಿನಲ್ಲಿ ಸ್ವಂತ ಮಂಡಿ ಇಟ್ಟಿದ್ದೇನೆ. ಓದಿದ್ದು ಏಳನೇ ಕ್ಲಾಸು. ಮಿಕ್ಕಿದ್ದನ್ನೆಲ್ಲ ಹಂದನಕೆರೆ, ಹುಳಿಯಾರು, ತುರುವೇಕೆರೆ ಸುತ್ತಿನ ಅಟ್ಟಗಳು ಕಲಿಸಿದವು. ನಮ್ಮ ವ್ಯಾಪಾರಕ್ಕೆ ಒಂದು ಕ್ರಮವಿದೆ. ಮೊದಲು ಹೇಳುವ ಬೆಲೆ ಬೆಲೆಯಲ್ಲ, ಅದು ನಮಸ್ಕಾರ ಹೇಳಿದ ಹಾಗೆ. ಕೊಳ್ಳುವವನು ಮಾಲಿಗೆ ದೋಷ ಹೇಳಬೇಕು: ಬಣ್ಣ ಮಾಸಲು, ಗಾತ್ರ ಸಣ್ಣದು, ಅಟ್ಟದಿಂದ ಬೇಗ ಇಳಿಸಿದ್ದೀರಿ. ಮಾರುವವನು ಸಿಟ್ಟಾಗಬೇಕು. ಸಿಟ್ಟು ಬಂತು ಅಂದರೆ ವ್ಯಾಪಾರ ಶುರುವಾಯಿತು ಅಂತ ಅರ್ಥ. ಆಮೇಲೆ ಒಬ್ಬ ಇಳಿಯುತ್ತಾನೆ, ಇನ್ನೊಬ್ಬ ಏರುತ್ತಾನೆ, ಕೊನೆಗೆ ಯಾರಾದರೂ ಒಬ್ಬರು ಅನ್ನುತ್ತಾರೆ, ನಿನ್ನದೂ ಬೇಡ ನನ್ನದೂ ಬೇಡ, ನಡುವೆ ಮುರಿ. ಮೊದಲ ಮಾತಿಗೇ ಹೂಂ ಅಂದವನಿಗೆ ನಮ್ಮ ರೈತರು ಮಾಲು ಕೊಡುವುದಿಲ್ಲ. ಇವನಿಗೇನೋ ಗೊತ್ತಿದೆ, ನನಗೆ ಗೊತ್ತಿಲ್ಲ ಅಂತ ಅನುಮಾನ.

ಈ ಕ್ರಮವನ್ನು ನಾನು ಎಲ್ಲಿಗೆ ಬೇಕಾದರೂ ತೆಗೆದುಕೊಂಡು ಹೋಗುತ್ತಿದ್ದೆ. ಅದೇ ನನ್ನ ಕೇಡು.

ಹೋದ ವರ್ಷ ಬೇಸಿಗೆಯ ಕೊನೆಯಲ್ಲಿ ಹುಳಿಯಾರು ಕಡೆಯವರು ಪೂರ್ಣಿಯನ್ನು ನೋಡಲು ಬಂದಿದ್ದರು. ಅವಳು ಇಲ್ಲೇ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬಂದವರಲ್ಲಿ ಹಿರಿಯರೊಬ್ಬರು, ಹುಡುಗಿ ಬಣ್ಣ ಒಂಚೂರು ಕಮ್ಮಿ ಅಂತ ರಾಗ ತೆಗೆದರು. ದೋಷ ಹೇಳಿದ್ದು ಕಿವಿಗೆ ಬಿದ್ದದ್ದೇ ನನ್ನ ಬಾಯಿ ತಾನಾಗಿ ಓಡಿತು.

“ಬಣ್ಣ ಮಾಸಲು, ಒಪ್ದೆ. ಸಂಬ್ಳ ತರ್ತಾಳಲ್ಲ, ಅದ್ನ ಹಿಡ್ಕಳಿ ಅತ್ಲಾಗೆ. ನಿಮ್ದೂ ಬ್ಯಾಡ, ನಮ್ದೂ ಬ್ಯಾಡ, ನಡುವೆ ಮುರ್ಕಳಣ” ಅಂದೆ.

ಅಂದ ಮೇಲೆ ತಿರುಗಿ ನೋಡಿದರೆ ಪೂರ್ಣಿ ಬಾಗಿಲಲ್ಲಿ ನಿಂತಿದ್ದಳು.

ಸಂಬಂಧ ಅಲ್ಲಿಗೇ ನಿಂತಿತು, ಅದು ಬಿಡಿ. ಅವರು ಹೋದ ಮೇಲೆ ಅವಳು ನನ್ನ ಎದುರಿಗೆ ಬಂದು ನಿಂತಳು. ಅಳಲಿಲ್ಲ, ಕೂಗಲಿಲ್ಲ.

“ಕೊಬ್ರಿ ಮುಂದೆ ಕುಂತಾಗ್ಲೂ ಇದೇ ಮಾತಾಡ್ತೀಯ ನೀನು. ಇನ್ಮೇಲೆ ನನ್ ವಿಷ್ಯ ಯಾರತ್ರಾನೂ ಮಾತಾಡ್ಬೇಡ. ನನ್ನತ್ರಾನೂ ಮಾತಾಡ್ಬೇಡ” ಅಂದಳು.

ನಾನು ಮೂರು ದಿನ ಅಂದುಕೊಂಡೆ. ನನ್ನ ಲೆಕ್ಕದಲ್ಲಿ ಎಂಥ ಮುನಿಸಿಗೂ ಮೂರು ದಿನ. ಜೂನ್ ಬಂತು, ಮಳೆ ಬಂತು, ಅವಳ ಮಾತು ಬರಲಿಲ್ಲ. ಒಂದೇ ಮನೆಯಲ್ಲಿ ಉಣ್ಣುತ್ತಿದ್ದಳು, ನಾನು ಪಡಸಾಲೆಯಲ್ಲಿದ್ದರೆ ಹಿತ್ತಲ ಬಾಗಿಲಿಂದ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ನನಗೆ ಹೇಳುವುದೇನಾದರೂ ಇದ್ದರೆ ನನ್ನ ಹೆಂಡತಿ ರತ್ನಮ್ಮನಿಗೆ ಹೇಳುತ್ತಿದ್ದಳು, ನಾನು ಪಕ್ಕದಲ್ಲೇ ಕೂತಿದ್ದರೂ. ನಾನು ಏನಾದರೂ ಅಂದರೆ ಫ್ಯಾನು ತಿರುಗಿದ ಸದ್ದು ಕೇಳಿಸಿಕೊಂಡ ಹಾಗೆ ಇರುತ್ತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈದವರ ಜೊತೆ ವ್ಯಾಪಾರ ಮಾಡಬಹುದು. ಸುಮ್ಮನಿದ್ದವರ ಜೊತೆ ಏನು ಮಾಡುತ್ತೀರಿ?

ಒಂದು ಭಾನುವಾರ ಮಧ್ಯಾಹ್ನ ಕಾಯಿ ತಿರುವಿ ಹಾಕಲು ಅಟ್ಟಕ್ಕೆ ಹೋದಾಗ ಕೆಳಗಿನಿಂದ ಅವಳ ನಗು ಕೇಳಿತು. ಎರಡು ತಿಂಗಳ ಮೇಲೆ ಕೇಳಿದ ನಗು. ಹಿಂದೆಯೇ ಮಾತು, ನನಗೆ ಒಂದು ಅಕ್ಷರ ತಿಳಿಯದ ಮಾತು. ಕಾಯಿ ತಿರುವುವುದನ್ನು ಬಿಟ್ಟು ಹಲಗೆಗೆ ಕಿವಿ ಕೊಟ್ಟು ಕೂತೆ. ಇಳಿದು ಬಂದು ರತ್ನಮ್ಮನನ್ನು ಕೇಳಿದೆ.

“ಅದೆಂತದೋ ಎಸ್ಪರಾಂಟ ಅಂತೆ. ಯಾವ ದೇಸದ್ದೂ ಅಲ್ವಂತೆ. ಯಾರೋ ಕುಂತ್ಕಂಡು ಕಟ್ಟವ್ರೆ, ಎಲ್ಲಾ ದೇಸದೋರೂ ಸಮಸಮ ಕಲ್ತು ಮಾತಾಡ್ಲಿ ಅಂತ. ನೂರು ವರ್ಸದ ಮೇಲಾಯ್ತಂತೆ. ಹೊಸ್ದಾಗಿ ಕಲಿಯೋರ್ಗೆ ಇವ್ಳೇ ಹೇಳ್ಕೊಡ್ತಾಳಂತೆ” ಅಂದಳು.

“ಕಲಿಯಕ್ಕೆ ಯಾರು ಬೇಕಾದ್ರೂ ಸೇರ್ಬೋದಾ?”

ರತ್ನಮ್ಮ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. “ಆ ಮಗೀನತ್ರ ತಪ್ಪಾಯ್ತು ಅಂತ ಕನ್ನಡದಲ್ಲಿ ಅನ್ನಕ್ಕೆ ಬಾಯಿ ಬರಾಕಿಲ್ಲ ನಿಮ್ಗೆ. ಊರಿಲ್ದಿದ್ ಭಾಷೇಲಿ ಅಂತೀರಾ?”

ಅವಳು ಹೇಳಿದ್ದು ಸರಿ. ಆದರೆ ನನ್ನ ಕಷ್ಟವನ್ನೂ ಹೇಳುತ್ತೇನೆ. ಮಗಳ ಬಾಗಿಲ ಮುಂದೆ ಎಷ್ಟು ಸಲ ಹೋಗಿ ನಿಂತೆನೋ. ಪ್ರತಿ ಸಲವೂ ಬಾಯಿಗೆ ಬಂದ ಮೊದಲ ಮಾತು ‘ಆಯ್ತು ಬುಡು, ಈಗೇನ್ ಮಾಡ್ಬೇಕು ಹೇಳು’ ಅನ್ನುವುದೇ. ಅದು ಕ್ಷಮೆಯಲ್ಲ, ಚೌಕಾಸಿ. ನನ್ನ ಕನ್ನಡವೆಲ್ಲ ಮಂಡಿಯಲ್ಲಿ ಕೂತು ಸವೆದ ಕನ್ನಡ. ಒಳಗಿಂದ ಬೇರೆ ಮಾತು ಹುಡುಕಿದರೆ ಸಿಗಲಿಲ್ಲ.

ಸೇರಿದೆ. ಹೆಸರು ಕೊಡಲಿಲ್ಲ. ‘ಕೊಕೋಸೊ’ ಅಂತ ಹಾಕಿಕೊಂಡೆ, ಆ ಭಾಷೆಯಲ್ಲಿ ತೆಂಗಿನಕಾಯಿ. ಅಲ್ಲಿ ಹೊಸಬರಿಗೆ ಅಂತಲೇ ಒಂದು ಕೋಣೆಯಿದೆ, ಅಂದರೆ ಫೋನಿನಲ್ಲಿ. ಹೊಸಬರು ತಮ್ಮ ಭಾಷೆಯಲ್ಲೇ ಬರೆಯಬಹುದು. ಆ ಭಾಷೆ ಬಲ್ಲ ಹಳಬರೊಬ್ಬರು ಅದನ್ನು ಎಸ್ಪೆರಾಂಟೊಗೆ ತಿರುಗಿಸಿ ಎಲ್ಲರ ಮುಂದೆ ಇಡುತ್ತಾರೆ, ಬಂದ ಉತ್ತರವನ್ನು ಹಿಂದಕ್ಕೆ ತಿರುಗಿಸಿ ಕೊಡುತ್ತಾರೆ. ಕನ್ನಡಕ್ಕೆ ಇದ್ದವರು ಇಬ್ಬರು. ಒಬ್ಬರು ಧಾರವಾಡದ ಕಾಲೇಜು ಮೇಷ್ಟ್ರು. ಇನ್ನೊಬ್ಬರ ಹೆಸರು ಪೂರ್ಣಿಮಾ, ತಿಪಟೂರು.

ಒಂದು ಗಂಟೆಯೊಳಗೆ ಅವಳಿಂದ ಬಂತು: ‘ನಮಸ್ಕಾರ, ಸ್ವಾಗತ. ಎಷ್ಟು ಸಣ್ಣ ಸಂದೇಹವಾದರೂ ಕೇಳಿ, ಸಂಕೋಚ ಬೇಡ.’ ಮಗಳು ನನಗೆ ಬರೆದ ಮಾತು. ನನಗೆ ಅಂತ ಗೊತ್ತಿಲ್ಲದೆ ಬರೆದ ಮಾತು. ಕದ್ದ ಮಾಲು ಅಂತ ಗೊತ್ತಿತ್ತು. ಆದರೂ ಅವತ್ತು ಅದನ್ನು ಎಷ್ಟು ಸಲ ಓದಿದೆನೋ.

ದಿನಾ ಬೆಳಿಗ್ಗೆ ಮಂಡಿಗೆ ಹೋಗುವ ಮೊದಲು ಅಟ್ಟ ಹತ್ತಿ ಒಂದೊಂದು ಪ್ರಶ್ನೆ ಹಾಕತೊಡಗಿದೆ. ನೀರಿಗೆ ಏನಂತಾರೆ, ಮಳೆಗೆ ಏನಂತಾರೆ. ಅವಳು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸುತ್ತಿದ್ದಳು. ನನಗೆ ಅದು ಸಾಲದೆ ಬಂತು. ಹಸಿದವನಿಗೆ ಒಂದು ತುತ್ತು ಕೊಟ್ಟರೆ ಹಸಿವು ಇನ್ನೂ ಕೆರಳುತ್ತದೆ.

ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಸಂದೇಹ ಕೇಳಿದವನಿಗೆ ಒಂದು ಸಾಲು. ಆದರೆ ಯಾವನೋ ಒಬ್ಬ ಕನ್ನಡದ ಹೊಸಬ ಬಂದು, ನಿಮ್ಮ ಭಾಷೆಯಲ್ಲಿ ಈ ನಿಯಮ ಸರಿಯಿಲ್ಲ, ತೆಗೆದುಹಾಕಿ ಅಂದ. ಅವನಿಗೆ ಸಂಜೆಯೊಳಗೆ ಮೂವತ್ತು ಉತ್ತರ. ಒಬ್ಬರು ನಕ್ಕಿದ್ದರು. ಒಬ್ಬರು, ಮೂರನೇ ವಾರ ಅಲ್ಲವಾ, ಎಲ್ಲರಿಗೂ ಮೂರನೇ ವಾರಕ್ಕೇ ಬರುತ್ತದೆ ಈ ಜ್ವರ ಅಂದಿದ್ದರು. ಒಬ್ಬರು ಇತಿಹಾಸ ಬಿಡಿಸಿ ಬರೆದಿದ್ದರು: ಹಿಂದೆ ಹೀಗೇ ತಿದ್ದುತ್ತೇವೆ ಅಂತ ಹೊರಟವರು ಬೇರೆ ಭಾಷೆಯನ್ನೇ ಮಾಡಿಕೊಂಡರು, ಈಗ ಅವರಿಗೆ ಮಾತಾಡಲು ಜನ ಕಡಿಮೆ. ಪೂರ್ಣಿಯೂ ಉದ್ದಕ್ಕೆ ಬರೆದಿದ್ದಳು. ನನ್ನ ತಲೆಯಲ್ಲಿ ಮಂಡಿಯವನು ಎದ್ದು ಕೂತ. ಮಾಲಿಗೆ ದೋಷ ಹೇಳಿದರೆ ಮಾಲೀಕ ಗಲ್ಲಾ ಬಿಟ್ಟು ಹೊರಗೆ ಬರುತ್ತಾನೆ.

ಮೊದಲು ಒಂದೇ ಒಂದು ದೋಷ ಹೇಳಿ ನೋಡಿದೆ. ಕೆಲಸ ಯಾವುದರ ಮೇಲೆ ನಡೆಯಿತೋ ಆ ಪದಕ್ಕೆ ಅಲ್ಲಿ ಒಂದು ಬಾಲ ಹಚ್ಚುತ್ತಾರೆ. ಅದನ್ನು ಕತ್ತರಿಸಿ, ಹೊಸಬರಿಗೆ ಸಲೀಸು ಅಂದೆ. ಪೂರ್ಣಿಯಿಂದ ಬಂತು: ‘ಕನ್ನಡದಲ್ಲೂ ಕಾಯಿಯನ್ನು, ಮರವನ್ನು ಅಂತೀವಲ್ಲ ಸರ್. ಅಲ್ಲಿ ಕತ್ತರಿಸಿ ಅಂತ ಯಾರಿಗೆ ಅರ್ಜಿ ಹಾಕಿದ್ದೀರಿ?’ ಅಟ್ಟದಲ್ಲಿ ಒಬ್ಬನೇ ನಕ್ಕೆ. ಮಗಳು ನನ್ನ ಜೊತೆ ತಮಾಷೆ ಮಾಡಿದ್ದಳು.

ಅವತ್ತಿನಿಂದ ನಾನು ಮನುಷ್ಯನಾಗಿ ಉಳಿಯಲಿಲ್ಲ. ಮಂಡಿಯಲ್ಲಿ ತಕ್ಕಡಿ ಮುಂದೆ ಕೂತೂ ದೋಷ ಹುಡುಕುತ್ತಿದ್ದೆ. ನಮ್ಮಲ್ಲಿ ಕಾಯಿ ಸುಲಿಯುವ ಕೆಂಚಪ್ಪ ನನಗಿಂತ ಹಿರಿಯ, ಹಿಂದೆ ನನ್ನ ಪಕ್ಕದಲ್ಲೇ ಸುಲಿದವನು. ಅವನೊಬ್ಬನಿಗೆ ಹೇಳಿದ್ದೆ.

“ಎಷ್ಟು ದಿನ ಆತಪ್ಪ ನೀನು ಸೇರಿ?” ಅಂದ.

“ತಿಂಗ್ಳು ಆಗ್ತಾ ಬಂತು.”

“ಕಾಯಿ ಅಟ್ಟದ ಮ್ಯಾಲೆ ಎಷ್ಟು ದಿನ ಇರ್ಬೇಕು?”

“ಹತ್ತನ್ನೊಂದು ತಿಂಗ್ಳು. ನಿಂಗೊತ್ತಿಲ್ವೇನ್ಲಾ?”

“ತಿಂಗ್ಳಿಗೇ ಒಡುದ್ರೆ ಏನ್ ಸಿಗ್ತದೆ?”

“ಸುಲಿಯೋದ್ ಸುಲಿ ನೀನು” ಅಂತ ಗದರಿಸಿದೆ. ಕೆಂಚಪ್ಪ ಕಾಯಿಯನ್ನು ಗೂಟಕ್ಕೆ ಚುಚ್ಚಿ, “ನಂಗೇನ್ ಕಣಪ್ಪ, ನಿನ್ ಭಾಷೆ ನಿನ್ ಬಾಯಿ” ಅಂದ.

ಆಗಲೇ ರತ್ನಮ್ಮ ಇನ್ನೊಂದು ಸುದ್ದಿ ಹೇಳಿದಳು. ಲ್ಯಾಬಿನವರು ಹಾಸನದಲ್ಲಿ ಹೊಸ ಶಾಖೆ ತೆರೆಯುತ್ತಿದ್ದಾರೆ, ಪೂರ್ಣಿ ಹೋಗುತ್ತೇನೆ ಅಂತ ಬರೆದುಕೊಟ್ಟಿದ್ದಾಳೆ, ಸಂಕ್ರಾಂತಿ ಆದ ಮೇಲೆ ಹೊರಡುತ್ತಾಳೆ. “ಮಾತಾಡ್ದಲೇ ಹೊಸ್ಲು ದಾಟುದ್ರೆ ಆಮೇಲಿಲ್ಲ ಕಣ್ರೀ. ಅವ್ಳು ನಿಮ್ ಮಗ್ಳು. ನಿಮ್ಮಷ್ಟೇ ಹಟ” ಅಂದಳು.

ಹಾಸನ ದೂರವಲ್ಲ. ಆದರೆ ಮಾತು ಬಿಟ್ಟವರ ನಡುವೆ ಒಂದು ಗೋಡೆಯೇ ಅಷ್ಟು ದೂರ ಇರುವಾಗ, ಹಾಸನ ಎಷ್ಟಾಯಿತು ನೋಡಿ. ಒಂದೊಂದೇ ದೋಷ ಹೇಳಿದರೆ ಸಾಲದು ಅನ್ನಿಸಿತು. ನಲವತ್ತು ತಿದ್ದುಪಡಿ ಬರೆದೆ. ಬಾಲ ತೆಗೆಯಬೇಕು. ಅಕ್ಷರದ ಮೇಲಿನ ಟೋಪಿ ತೆಗೆಯಬೇಕು. ಒಳ್ಳೆಯದು ಅನ್ನುವ ಪದದ ಮೊದಲಿಗೆ ಒಂದು ತುಂಡು ಸೇರಿಸಿ ಕೆಟ್ಟದ್ದು ಮಾಡುತ್ತೀರಿ, ಕೆಟ್ಟದ್ದಕ್ಕೆ ಬೇರೆ ಪದ ಕೊಡಿ. ಮಗ ಅನ್ನುವ ಪದಕ್ಕೆ ತುಂಡು ಅಂಟಿಸಿ ಮಗಳು ಮಾಡುತ್ತೀರಿ, ಅದು ಮಗಳಿಗೆ ಅನ್ಯಾಯ. ಹೌದು, ಇದನ್ನೂ ಬರೆದೆ, ಬರೆಯುವಾಗ ಕೈ ನಾಚಲಿಲ್ಲ. ಹೀಗೆ ನಲವತ್ತು. ಅದರಲ್ಲಿ ಮೂವತ್ತೈದು ನನಗೆ ಬೇಕಾಗಿಯೇ ಇರಲಿಲ್ಲ, ಇಳಿಯಲು ಜಾಗ ಇರಲಿ ಅಂತ ಹಾಕಿದ್ದು.

ದೀಪಾವಳಿ ಕಳೆದ ಮೊದಲ ಭಾನುವಾರ ಮಧ್ಯಾಹ್ನ ಅದನ್ನು ಕೋಣೆಗೆ ಹಾಕಿದೆ. ಪೂರ್ಣಿ ಕೆಳಗೆ ಕೂತು ಒಂದೊಂದಾಗಿ ಎಸ್ಪೆರಾಂಟೊಗೆ ತಿರುಗಿಸಿದಳು. ಕಂಪ್ಯೂಟರಿನ ಕೀಲಿ ಒತ್ತುವ ಟಕಟಕ ನನಗೆ ಕೇಳುತ್ತಿತ್ತು.

ಉತ್ತರ ಬರತೊಡಗಿತು. ನಗುವವರು ನಕ್ಕರು. ಒಬ್ಬ, ನಲವತ್ತೇ? ನನ್ನದು ಹನ್ನೆರಡಿತ್ತು, ನೀವೇ ಗೆದ್ದಿರಿ ಅಂದ. ಇನ್ನೊಬ್ಬ ಸಿಡುಕಿನವನು, ಈಜು ಬಾರದವನು ಕೆರೆಯ ಆಕಾರ ಬದಲಿಸಿ ಅಂದ ಹಾಗಾಯಿತು ಅಂದ. ಯಾವುದೋ ದೇಶದ ಎಂಜಿನಿಯರೊಬ್ಬ ನನಗೆ ಒಬ್ಬನಿಗೇ ಬರೆದು, ಇವರ ಮಾತು ಕೇಳಬೇಡ, ನನ್ನ ಹತ್ತಿರ ಮುನ್ನೂರು ತಿದ್ದುಪಡಿ ಇದೆ, ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ, ನನ್ನ ಜೊತೆ ಸೇರು ಅಂದ. ಫೋನಿನ ಯಂತ್ರ ಅದನ್ನು ಅರೆಬರೆ ಕನ್ನಡ ಮಾಡಿ ತೋರಿಸಿತು. ಇಪ್ಪತ್ತು ವರ್ಷದಲ್ಲಿ ಆ ಭಾಷೆಯಲ್ಲಿ ನಿನಗೆ ಎಷ್ಟು ಜನ ಸ್ನೇಹಿತರಾದರು ಅಂತ ಕೇಳಿದೆ. ಅವನು ಮುನ್ನೂರರ ಪಟ್ಟಿಯನ್ನೇ ಕಳಿಸಿದ.

ಕೊನೆಗೆ ಮಾರ್ಟಾ ಅನ್ನುವ ಅಜ್ಜಿ ಬರೆದರು. ಚಳಿದೇಶದವರು, ಮೊದಲು ನರ್ಸಾಗಿದ್ದವರು, ಆ ಕೋಣೆಗೆ ಅವರೇ ಹಿರಿಯರು. ‘ಪಟ್ಟಿ ಚೆನ್ನಾಗಿದೆ. ನಮ್ಮಲ್ಲಿ ಒಂದು ಪೆಟ್ಟಿಗೆ ಇದೆ. ಹೊಸಬರ ತಿದ್ದುಪಡಿಗಳನ್ನು ಅದರಲ್ಲಿ ಇಡುತ್ತೇವೆ. ಒಂದು ವರ್ಷ ಇದೇ ಭಾಷೆಯಲ್ಲಿ ಮಾತಾಡಿ, ಆಮೇಲೆ ಪಟ್ಟಿ ಹಿಂದಕ್ಕೆ ಕೇಳಿ, ಕೊಡುತ್ತೇವೆ. ಯಾವುದು ಇನ್ನೂ ಬೇಕು ಅನ್ನಿಸುತ್ತದೋ ಅದನ್ನು ಕೂತು ಮಾತಾಡೋಣ. ನನ್ನ ಪಟ್ಟಿಯೂ ಅದರಲ್ಲಿದೆ. ನಾನು ಕೇಳಲು ಹೋಗಲೇ ಇಲ್ಲ.’

ಇದು ನಿರಾಕರಣೆ ಅಂತ ನನಗೆ ಹೊಳೆಯಲೇ ಇಲ್ಲ. ನನ್ನ ಕಿವಿಗೆ ಅದು ಎದುರು ಬೆಲೆಯ ಹಾಗೆ ಕೇಳಿತು. ಇಳಿದೆ. ಇಪ್ಪತ್ತು ಕೊಡಿ ಅಂದೆ. ಪೂರ್ಣಿ ತಿರುಗಿಸಿದಳು. ಬೇಡವಾ, ಹತ್ತು. ಅದನ್ನೂ ತಿರುಗಿಸಿದಳು. ಐದು, ಯಾವ ಐದು ಅಂತ ನೀವೇ ಆರಿಸಿಕೊಳ್ಳಿ. ಅವಳು ತಿರುಗಿಸಿದ ಮೇಲೆ ಕೋಣೆಯಲ್ಲಿ ಎಲ್ಲರೂ ತಬ್ಬಿಬ್ಬು. ಅರ್ಧ ಗಂಟೆಯ ಹಿಂದೆ ಇದಿಲ್ಲದೆ ಆಗುವುದೇ ಇಲ್ಲ ಅಂದಿರಲ್ಲ, ಈಗ ಯಾವುದಾದರೂ ಸರಿ ಅನ್ನುತ್ತೀರಿ, ನಿಮಗೆ ನಿಜಕ್ಕೂ ಬೇಕಾದದ್ದು ಏನು ಅಂತ ಒಬ್ಬರು ಕೇಳಿದರು. ನನಗೆ ಬೇಕಾದದ್ದು ಕೆಳಗಿನ ಟಕಟಕ ನಿಲ್ಲದಿರುವುದು. ಅದನ್ನು ಹೇಗೆ ಹೇಳಲಿ? ಬೆರಳು ತಾನಾಗಿ ಬರೆಯಿತು: ‘ನಿಮ್ಮದೂ ಬೇಡ, ನಮ್ಮದೂ ಬೇಡ, ನಡುವೆ ಮುರಿಯೋಣ.’

ಟಕಟಕ ನಿಂತಿತು.

ಆಮೇಲೆ ನನಗೆ ಒಬ್ಬನಿಗೇ ಒಂದು ಸಾಲು ಬಂತು: ‘ನೀವು ಅಟ್ಟದ ಮೇಲಿದ್ದೀರಾ?’

ನಾನು ಮಿಸುಕಲಿಲ್ಲ. ಮಿಸುಕಿದ್ದರೆ ಹಲಗೆ ಕಿರ್ ಅನ್ನುತ್ತಿತ್ತು. ಕೆಳಗೆ ಕುರ್ಚಿ ಹಿಂದಕ್ಕೆ ಸರಿಯಿತು, ಬಾಗಿಲು ತೆರೆಯಿತು, ಬೀದಿಯ ಬಾಗಿಲೂ ತೆರೆಯಿತು. ಫೋನಿನ ಕೋಣೆಯಲ್ಲಿ ಎಲ್ಲರಿಗೂ ಕಾಣುವಂತೆ ಅವಳು ಎಸ್ಪೆರಾಂಟೊದಲ್ಲಿ ಎರಡು ವಾಕ್ಯ ಹಾಕಿ ಹೋಗಿದ್ದಳು. ಅಷ್ಟು ಓದುವ ಮಟ್ಟಿಗೆ ನಾನು ಕಲಿತಿದ್ದೆ. ‘ಈ ಕೊಕೋಸೊ ನನ್ನ ತಂದೆ. ಇವರಿಗೆ ಬೇರೆ ಯಾರಾದರೂ ಕಲಿಸಿ.’

ಅವಳು ಆ ಕೋಣೆಗೆ ಬರುವುದನ್ನೇ ಬಿಟ್ಟಳು. ಭಾನುವಾರ ಕೆಳಗಿನಿಂದ ನಗುವೂ ಇಲ್ಲ. ಮನೆಯಲ್ಲಿ ಬಿಟ್ಟಿದ್ದ ಮಾತನ್ನು ಹುಡುಕಿಕೊಂಡು ಹೋಗಿ, ಅವಳಿಗೆ ಅಂತ ಇದ್ದ ಒಂದು ಜಾಗವನ್ನೂ ಕೆಡಿಸಿ ಬಂದೆ. ರತ್ನಮ್ಮ ನನ್ನನ್ನು ಬೈಯಲಿಲ್ಲ, ಅದೇ ಹೆದರಿಕೆಯಾಯಿತು. ಮನೆಯಲ್ಲಿ ಇನ್ನೊಬ್ಬರೂ ಸುಮ್ಮನಾದರೆ ನಾನು ಏನು ಮಾಡಲಿ? ಆ ವಾರಗಳಲ್ಲಿ ಯಾರ್ಡಿನಲ್ಲಿ ಎದುರಿನವನು ಹೇಳಿದ ಮೊದಲ ಬೆಲೆಗೇ ತಲೆಯಾಡಿಸಿ ಬರುತ್ತಿದ್ದೆ. ನನಗೆ ಹುಷಾರಿಲ್ಲ ಅಂತ ಊರಲ್ಲಿ ಸುದ್ದಿಯಾಯಿತು.

ಆ ಗುಂಪಿನವರು ನನ್ನನ್ನು ಹೊರಗೆ ಹಾಕಲಿಲ್ಲ, ಅದನ್ನು ಹೇಳಲೇಬೇಕು. ಧಾರವಾಡದ ಮೇಷ್ಟ್ರ ಮೂಲಕ ಮಾರ್ಟಾ ಹೇಳಿ ಕಳಿಸಿದರು. ಪಟ್ಟಿ ತಂದವರಿಗೆಲ್ಲ ನಾವು ಕೊನೆಗೆ ಒಂದೇ ಕೆಲಸ ಕೊಡುವುದು. ಏನನ್ನೂ ತಿದ್ದದೆ, ಇರುವ ಭಾಷೆಯಲ್ಲೇ, ನಿಮ್ಮ ಬದುಕಿನದು ಒಂದು ಪುಟ ಬರೆಯಿರಿ. ಎಲ್ಲರೂ ನೋಡುತ್ತೇವೆ, ತಪ್ಪಿದ್ದಲ್ಲಿ ತಿದ್ದುತ್ತೇವೆ. ಸರಿಯಾದ ಮೇಲೆ ಒಂದು ಭಾನುವಾರ ಅದನ್ನು ಎಲ್ಲರ ಮುಂದೆ ಓದಬೇಕು.

ಒಂದು ಪುಟಕ್ಕೆ ಹದಿನಾರು ದಿನ ಹಿಡಿಯಿತು. ಇಷ್ಟೇ ಬರೆದೆ. ‘ನಾನು ಕೊಬ್ಬರಿ ಮಾರುತ್ತೇನೆ. ನನಗೆ ಒಬ್ಬಳು ಮಗಳು. ಒಂದು ದಿನ ಪರರ ಮುಂದೆ ಅವಳಿಗೆ ಬೆಲೆ ಹೇಳಿದೆ. ಅವಳು ಕೇಳಿಸಿಕೊಂಡಳು. ಅವಳ ಒಳ್ಳೆಯದಕ್ಕೇ ಹಾಗೆ ಮಾಡಿದೆ. ಈಗ ಅವಳು ನನ್ನ ಜೊತೆ ಮಾತಾಡುವುದಿಲ್ಲ. ಅವಳ ಧ್ವನಿ ಕೇಳಲು ಈ ಭಾಷೆಗೆ ಬಂದೆ. ಇಲ್ಲಿಯೂ ಬೆಲೆ ಹೇಳಿದೆ.’

ಪುಟ ಹಿಂದಕ್ಕೆ ಬಂದಾಗ ಮೈತುಂಬ ಕೆಂಪು. ಯಾರು ತಿದ್ದಿದರು ಅಂತ ಪಕ್ಕದಲ್ಲಿ ಹೆಸರಿರುತ್ತದೆ. ಮಾರ್ಟಾ, ಮೇಷ್ಟ್ರು, ಇನ್ಯಾರೋ. ‘ಅವಳ ಒಳ್ಳೆಯದಕ್ಕೇ ಹಾಗೆ ಮಾಡಿದೆ’ ಅನ್ನುವ ವಾಕ್ಯಕ್ಕೆ ಮಾತ್ರ ತಿದ್ದುಪಡಿ ಇರಲಿಲ್ಲ. ಇಡೀ ವಾಕ್ಯವನ್ನೇ ಗೀಟೆಳೆದು ಹೊಡೆದುಹಾಕಿದ್ದರು. ಬಹಳ ಕಷ್ಟಪಟ್ಟು ಬರೆದ ವಾಕ್ಯ ಅದು. ಮೇಷ್ಟ್ರಿಗೆ ಫೋನು ಮಾಡಿದೆ.

“ಸಾರ್, ಇದ್ರಲ್ಲಿ ತಪ್ಪೇನಿದೆ?”

“ವ್ಯಾಕರಣದಾಗ ಏನೂ ತಪ್ಪಿಲ್ರೀ. ಹೊಡದವರ ಹೆಸರು ನೋಡ್ರಿ” ಅಂದರು.

ಪೂರ್ಣಿಮಾ, ತಿಪಟೂರು.

ಅವಳು ಓದಿದ್ದಳು. ಮಂಡಿಗೆ ಹೋಗುವುದನ್ನು ಬಿಟ್ಟು ಆ ಹೆಸರನ್ನೇ ನೋಡುತ್ತ ಅಟ್ಟದಲ್ಲಿ ಕೂತೆ. ಆದರೂ ನನ್ನ ಬುದ್ಧಿ ನೋಡಿ. ಆ ವಾಕ್ಯ ತೆಗೆದು ಅದಕ್ಕಿಂತ ಸಣ್ಣದೊಂದು ಸೇರಿಸಿದೆ: ‘ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಾರೆ.’ ದೊಡ್ಡ ನೆಪ ನಡೆಯದಿದ್ದರೆ ಸಣ್ಣ ನೆಪ. ಅದೂ ಹೊಡೆದು ಬಂತು, ಅದೇ ಹೆಸರು. ಮೂರನೇ ಸಲ ಅಲ್ಲಿ ಏನೂ ಸೇರಿಸಲಿಲ್ಲ. ‘ಅವಳು ಕೇಳಿಸಿಕೊಂಡಳು. ತಪ್ಪು ನನ್ನದು.’ ಇಷ್ಟು. ಅದನ್ನು ಯಾರೂ ಮುಟ್ಟಲಿಲ್ಲ.

ಸಂಕ್ರಾಂತಿಯ ಹಿಂದಿನ ಭಾನುವಾರ ಓದಲು ದಿನ ಗೊತ್ತಾಯಿತು. ಓದುವ ಸಭೆಯನ್ನು ಹಳಬರು ಸರದಿಯ ಮೇಲೆ ನಡೆಸುತ್ತಾರೆ. ಆ ವಾರದ ಸರದಿ ಪೂರ್ಣಿಯದು ಅಂತ ಪಟ್ಟಿಯಲ್ಲಿತ್ತು. ಬರುವುದಿಲ್ಲ ಅಂದುಕೊಂಡೆ. ಬಂದಳು. ಹಾಸನಕ್ಕೆ ಒಯ್ಯುವ ಚೀಲವನ್ನು ಆಗಲೇ ಕಟ್ಟಿ ರೂಮಿನಲ್ಲಿ ಇಟ್ಟಿದ್ದಳು, ಬೆಳಿಗ್ಗೆ ನೋಡಿದ್ದೆ.

ನಾನು ಮೇಲೆ, ಅವಳು ಕೆಳಗೆ. ಇಪ್ಪತ್ತು ಜನ ಎಲ್ಲೆಲ್ಲೋ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಓದುವಾಗ ಒಂದು ಪದದ ಬಾಲ ಮರೆತೆ, ವಾಪಸು ಹೋಗಿ ಹಚ್ಚಿಕೊಂಡು ಬಂದೆ. ‘ತಪ್ಪು ನನ್ನದು’ ಅನ್ನುವಲ್ಲಿಗೆ ಬಂದಾಗ ಸಾಲು ತಪ್ಪಿತು, ಬೆರಳಿಟ್ಟು ಹುಡುಕಿಕೊಂಡೆ. ಯಾರೂ ಅವಸರ ಮಾಡಲಿಲ್ಲ. ಮುಗಿಸಿದೆ.

ಓದಿದವರಿಗೆ ಸಭೆ ನಡೆಸುವವರು ಒಂದೇ ಮಾತು ಹೇಳಬೇಕು ಅನ್ನುವುದು ಅಲ್ಲಿಯ ಪದ್ಧತಿ. ಹೊಗಳಿಕೆ ಇಲ್ಲ, ತೆಗಳಿಕೆ ಇಲ್ಲ.

“ದಾಂಕೋನ್” ಅಂದಳು ಪೂರ್ಣಿ. ಧನ್ಯವಾದ ಅಂತ. ಹಲಗೆಯ ಕೆಳಗಿನಿಂದ ಒಂದು ಸಲ ಕೇಳಿತು. ಒಂದು ಗಳಿಗೆ ಬಿಟ್ಟು, ಎಲ್ಲಿಗೋ ಹೋಗಿ ಸುತ್ತಿಕೊಂಡು ಬಂದ ಹಾಗೆ, ಫೋನಿನಲ್ಲಿ ಇನ್ನೊಂದು ಸಲ ಕೇಳಿತು. ಆಮೇಲೆ “ಮುಂದಿನವರು” ಅಂತ ಆ ಭಾಷೆಯಲ್ಲೇ ಅಂದಳು, ಅದೂ ಎರಡು ಸಲ. ಏಳೆಂಟು ತಿಂಗಳ ಮೇಲೆ ಮಗಳು ನನಗೆ ಅಂತ ಬಾಯಿ ತೆರೆದು ಆಡಿದ ಮಾತು ಅಷ್ಟು. ಮುಂದಿನವರು ಓದಲು ಶುರು ಮಾಡಿದರು.

ಸಂಕ್ರಾಂತಿಯ ಮಾರನೇ ದಿನ ಅವಳು ಹಾಸನದ ಬಸ್ಸು ಹತ್ತಿದಳು. ಅವರಮ್ಮನಿಗೆ “ಹೋಗ್ ಬತ್ತೀನಿ” ಅಂದಳು. ನನ್ನನ್ನು ನೋಡಿದಳು, ನೋಡಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಮಾತು ಬರಲಿಲ್ಲ. ನನಗೂ ಬರಲಿಲ್ಲ. ಈಗ ತಿಂಗಳಿಗೊಂದು ಪುಟ ಬರೆದು ಕೋಣೆಗೆ ಹಾಕುತ್ತೇನೆ. ಕೆಂಪು ಗುರುತುಗಳ ಪಕ್ಕದಲ್ಲಿ ಅವಳ ಹೆಸರು ಇರುತ್ತದೆ, ಊರಿನ ಜಾಗದಲ್ಲಿ ಈಗ ಹಾಸನ. ಬೇರೆ ಒಂದು ಅಕ್ಷರ ಇರುವುದಿಲ್ಲ. ಪ್ರತಿ ಸಲವೂ ಪುಟವನ್ನು ಕೊನೆಯವರೆಗೂ ಜಾಲಾಡುತ್ತೇನೆ.

ನೀವು ಯಾರಾದರೂ ಆ ಭಾಷೆಗೆ ಹೋಗುವುದಾದರೆ ನನ್ನಿಂದ ಇಷ್ಟು ತಿಳಿದುಕೊಂಡು ಹೋಗಿ. ಮೂರನೇ ವಾರಕ್ಕೆ ನಿಮಗೂ ಜ್ವರ ಬರುತ್ತದೆ, ಇದು ಹೀಗಿರಬಾರದಿತ್ತು ಅಂತ ಅನ್ನಿಸುತ್ತದೆ. ಬರೆದಿಡಿ, ತಪ್ಪಿಲ್ಲ, ಆದರೆ ಪೆಟ್ಟಿಗೆಗೆ ಹಾಕಿ ಮರೆತುಬಿಡಿ. ಇಳಿಯಲು ಜಾಗ ಇಟ್ಟುಕೊಂಡು ಕೇಳಬೇಡಿ, ಅಲ್ಲಿ ಯಾರೂ ಗಲ್ಲಾದಲ್ಲಿ ಕೂತಿಲ್ಲ. ನಿಮ್ಮ ತಿದ್ದುಪಡಿ ಇಲ್ಲದೆ ಹೇಳಲಾಗದ ಮಾತು ನಿಮ್ಮಲ್ಲಿ ಯಾವುದಿದೆ ಅಂತ ಮೊದಲು ಹುಡುಕಿ ನೋಡಿ. ನನ್ನಲ್ಲಿ ಒಂದೂ ಇರಲಿಲ್ಲ. ಒಂದು ಪುಟ ಬರೆದು ಕೊಡಿ, ಹೊಡೆದು ಬಂದ ವಾಕ್ಯಕ್ಕೆ ವಾದ ಮಾಡಬೇಡಿ, ಅದಿಲ್ಲದೆ ಇನ್ನೊಂದು ಸಲ ಬರೆಯಿರಿ.

ಇದಕ್ಕಿಂತ ಮುಂಚೆ ಮಾಡಬೇಕಾದ್ದು ಒಂದಿದೆ. ಮನೆಯಲ್ಲಿ ಯಾರ ಹತ್ತಿರವಾದರೂ ತಪ್ಪಾಯಿತು ಅನ್ನುವುದಿದ್ದರೆ ಇವತ್ತೇ ಅನ್ನಿ, ಇಬ್ಬರಿಗೂ ಗೊತ್ತಿರುವ ಭಾಷೆಯಲ್ಲಿ ಅನ್ನಿ, ಹಿಂದೆ ಮುಂದೆ ಏನೂ ಸೇರಿಸಬೇಡಿ. ಬಾಯಿ ಬರಲಿಲ್ಲ ಅಂತ ನನ್ನ ಹಾಗೆ ಬೇರೆ ಭಾಷೆ ಹುಡುಕಿಕೊಂಡು ಹೋದರೆ ಮೊದಲಿಂದ ಕಲಿಯಬೇಕಾಗುತ್ತದೆ. ನೀವು ಕಲಿತು ಮುಗಿಸುವ ಹೊತ್ತಿಗೆ ಅವರು ಮನೆಯಲ್ಲಿ ಇರುವುದಿಲ್ಲ.